ಪೋದುಂ, ಪೋದಾಂ

ಹೋಟೆಲಿನಲ್ಲಿ ಎಲೆಯ ಮುಂದೆ ಕೂತಿದ್ದವರು ಬಡಿಸುವವನಿಗೆ ಕೈ ಅಡ್ಡ ಹಿಡಿದು "ಪೋದುಂ, ಪೋದುಂ" ಎಂದರು. ಬಾಗಿಲಲ್ಲಿದ್ದ ಅವ್ವ ನನ್ನನ್ನು ಹೊರಗೆಳೆದಳು. "ಉಣ್ಣಾಕ ಕುಂತೋರೇ ಹೋಗಾಣ ಅಂತಾರಲೋ! ಇಲ್ಲಿ ಅಡಿಗಿ ಚಲೋ ಇಲ್ಲ, ನಡಿ."

ಯುದ್ಧದ ಕಾಲ. ಅವ್ವನ ಕಣ್ಣು ತೋರಿಸಲು ಆದವಾನಿಯಿಂದ ಮದರಾಸಿಗೆ ಬಂದಿದ್ದೆವು. ಕನ್ನಡ ಬಿಟ್ಟರೆ ನಮಗೆ ಗೊತ್ತಿದ್ದದ್ದು ತೆಲುಗು; ಅದರಲ್ಲಿ 'ಪೋದಾಂ' ಎಂದರೆ ಹೋಗೋಣ, ನಮ್ಮ ಕಿವಿಗೆ ಬಿದ್ದದ್ದೂ ಹಾಗೆಯೇ. ಮುಂದಿನ ಹೋಟೆಲಿನಲ್ಲೂ ಅದೇ ಮಾತು, ಅದರಾಚೆಯದರಲ್ಲೂ ಅದೇ. ಆದರೆ ಹೋಗೋಣ ಎಂದವರು ಏಳದೆ ಉಣ್ಣುತ್ತಲೇ ಇದ್ದರು. ಇದೆಂಥ ಊರಪ್ಪಾ ಎಂದು ನನಗೆ ತಲೆ ಕೆಟ್ಟಿತು.

ಕೊನೆಗೆ ಹಸಿವು ತಾಳದೆ ಒಂದು ಕಡೆ ಅವ್ವನನ್ನು ಹಟ ಮಾಡಿ ಕೂರಿಸಿದೆ. ಎಲೆಗೆ ಒಂದು ಸೌಟು ಅನ್ನ ಬಿದ್ದಿತ್ತಷ್ಟೆ, ಪಕ್ಕದವರು ಮತ್ತೆ ಅದೇ ಮಾತಾಡಿದರು. ಅವ್ವ ಗಾಬರಿಯಾಗಿ, "ಪೋದಾಂ ನಡಿಯೋ, ಪೋದಾಂ!" ಎಂದು ಕೂಗಿದಳು. ಬಡಿಸುವವನು ಎತ್ತಿದ ಸೌಟನ್ನು ಹಾಗೇ ಇಳಿಸಿ ಮುಂದಿನ ಎಲೆಗೆ ಹೋದ. 'ಪೋದುಂ' ಎಂದರೆ ತಮಿಳಿನಲ್ಲಿ 'ಸಾಕು' ಎಂದು ಪಕ್ಕದವರೇ ತೆಲುಗಿನಲ್ಲಿ ಹೇಳಿ ನಕ್ಕರು.

ಆಮೇಲೆ ಮನೆಯಲ್ಲಿ ಅವ್ವ ಸಾಕು ಅನ್ನುವುದನ್ನೇ ಬಿಟ್ಟು 'ಪೋದಾಂ' ಅನ್ನತೊಡಗಿದಳು; ನಾವೆಲ್ಲ ನಗುತ್ತಿದ್ದೆವು. ಹೋದ ವರ್ಷ, ಅವಳ ಕೊನೆಯ ದಿನ, ಗಂಜಿಯ ಚಮಚವನ್ನು ಪಕ್ಕಕ್ಕೆ ಸರಿಸಿ ಅದನ್ನೇ ಅಂದಳು. ಸಾಕು ಅಂದಳೋ, ಹೋಗೋಣ ಅಂದಳೋ, ನನಗೆ ಇನ್ನೂ ತಿಳಿದಿಲ್ಲ.