ಗಿಣಿಮೀನು ಬಂದ ಬೆಳಿಗ್ಗೆ

ಅರಬ್ಬಿ ನಾಡಿನ ಜಿಜಾನ್ ಬಂದರಿನಲ್ಲಿ ಹಡಗು ಹತ್ತಿ ನಮ್ಮ ದ್ವೀಪದಲ್ಲಿ ಇಳಿದರೆ, ಅಲ್ಲಿಂದ ನಾನಿರುವ ಮೀನುಗಾರರ ಹಳ್ಳಿಗೆ ಇರುವುದು ಒಂದೇ ರಸ್ತೆ. ಹಳ್ಳಿಯಲ್ಲಿ ಮಸೀದಿ, ಶಾಲೆ, ಒಂದು ದಿನಸಿ ಅಂಗಡಿ, ಮತ್ತೆ ನಾನು ನರ್ಸಾಗಿ ಕೆಲಸ ಮಾಡುವ ಸಣ್ಣ ಆಸ್ಪತ್ರೆ. ಡಾಕ್ಟರು ದಿನಾ ಇರುವುದಿಲ್ಲ, ದ್ವೀಪದ ಪೇಟೆಯಿಂದ ಬಂದು ಹೋಗುತ್ತಾರೆ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಗಾಳಿ ಜೋರಾದರೆ ಹಡಗು ನಿಲ್ಲುತ್ತದೆ. ಆಗ ಟೊಮೆಟೊವೂ ಬರುವುದಿಲ್ಲ, ಇನ್ಸುಲಿನ್ನೂ ಬರುವುದಿಲ್ಲ.

ನಾನು ಮಲ್ಪೆ ಕಡೆಯವಳು. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನು ಓದಿಸಿದಳು. ಸಮುದ್ರದ ವಿಷಯದಲ್ಲಿ ನನಗೆ ಇನ್ನು ಹೊಸದೇನೂ ಇಲ್ಲ ಎಂದುಕೊಂಡೇ ಇಲ್ಲಿಗೆ ಬಂದಿದ್ದೆ.

ಎರಡನೆಯ ವರ್ಷ ವಯಸ್ಸಾದ ಮೀನುಗಾರರೊಬ್ಬರು ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ದಿನಾ ಬರುತ್ತಿದ್ದರು. ಸಕ್ಕರೆ ಕಾಯಿಲೆ. ಎರಡು ಬೆರಳು ಕಪ್ಪಾಗತೊಡಗಿದ್ದವು. ಡಾಕ್ಟರು ನೋಡಿ, ಜಿಜಾನ್‌ನ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು ಎಂದರು. ಮುದುಕರು ಒಲ್ಲೆ ಎಂದು ತಲೆಯಾಡಿಸಿಬಿಟ್ಟರು.

ನನ್ನ ಅರಬ್ಬಿ ಅರೆಬರೆ. ಮಾತು ಕಷ್ಟವಾದಾಗೆಲ್ಲ ನಮ್ಮ ಆಂಬ್ಯುಲೆನ್ಸಿನ ಡ್ರೈವರನ್ನೇ ಕರೆಯುವುದು. ಉಳ್ಳಾಲದ ಬ್ಯಾರಿ, ನನಗಿಂತ ಚಿಕ್ಕವನು.

"ಮೀನು ಬಂದ ಮೇಲೆ ಹೋಗ್ತಾರಂತೆ ಅಕ್ಕ," ಎಂದ.

"ಎಂತ ಮೀನು?"

"ವರ್ಷಕ್ಕೊಮ್ಮೆ ಇಲ್ಲಿಯ ಕೊಲ್ಲಿಗೆ ಬರುವುದಂತೆ. ಹುಟ್ಟಿದ ಮೇಲೆ ಇವರು ಒಂದು ಸಲವೂ ತಪ್ಪಿಸಿದವರಲ್ಲವಂತೆ."

"ಕಾಲು ಹೋದ ಮೇಲೆ ಆ ಮೀನು ತಗೊಂಡು ಎಂತ ಮಾಡ್ತಾರೆ, ಕೇಳು ಮಾರಾಯ."

ಅವನು ಕೇಳಿದ. ಮುದುಕರು ನಕ್ಕು, ನನ್ನ ಕಡೆ ತಿರುಗಿ ನಿಧಾನವಾಗಿ, ನನಗೆ ಅರ್ಥವಾಗುವಂತೆ ಹೇಳಿದರು: "ಮಗಳೇ, ಗಾಳಿಯಲ್ಲಿ ವಾಸನೆ ಬಂದ ಮರುದಿನ ಮೀನು ಬರುತ್ತದೆ. ಅದರ ಮರುದಿನ ನಾನು ಹಡಗಿನಲ್ಲಿ ಇರುತ್ತೇನೆ."

ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಡಾಕ್ಟರಿಗೆ ಫೋನು ಮಾಡಿದೆ. ಇಂಜೆಕ್ಷನ್ ಮುಂದುವರಿಸಿ, ಜ್ವರ ಕಂಡರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ ಎಂದರು. ಮುದುಕರು ಆ ಕರಾರಿಗೆ ಒಪ್ಪಿದರು. ಅಂದಿನಿಂದ ಅವರು ಬಂದ ಕೂಡಲೇ ಮೊದಲು ಹಣೆ ಮುಟ್ಟಿ ನೋಡುತ್ತಿದ್ದೆ, ಆಮೇಲೆ ಕಾಲು.

ಒಂದು ಮಧ್ಯಾಹ್ನ ಡ್ರೆಸ್ಸಿಂಗ್ ಕೋಣೆಯ ಕಿಟಕಿ ತೆರೆದೆ. ಕೊಳೆತ ಪಾಚಿಯಂಥ ನಾತ ಒಳಗೆ ನುಗ್ಗಿತು. ಶೌಚದ ಟ್ಯಾಂಕಿ ತುಂಬಿರಬೇಕೆಂದು ಡ್ರೈವರನ್ನು ಕೂಗಿದೆ.

"ಟ್ಯಾಂಕಿ ಅಲ್ಲ ಅಕ್ಕ. ಹೊರಗೆ ಬಂದು ನೋಡಿ."

ಬೀದಿ ತುಂಬ ಜನ. ಅಂಗಡಿಯವನು, ಶಾಲೆಯ ಮೇಷ್ಟ್ರು, ಮಗುವನ್ನೆತ್ತಿಕೊಂಡ ಹೆಂಗಸರು, ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ಉಸಿರು ಎಳೆದುಕೊಳ್ಳುತ್ತಿದ್ದರು. ನೀರಿನಡಿಯ ಹವಳದ ಬಂಡೆಗಳಿಂದ ಏಳುವ ವಾಸನೆ ಅದು ಎಂದು ಮೇಷ್ಟ್ರು ಹೇಳಿದರು.

ಮರುದಿನ ಬೆಳಿಗ್ಗೆ ಮುದುಕರ ಕಾಲಿಗೆ ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಬಿಗಿದೆ. ಅವರ ಗಂಡುಮಕ್ಕಳು ಕುರ್ಚಿ ಸಮೇತ ಎತ್ತಿ ದಡಕ್ಕೆ ತಂದರು. ಮೊಣಕಾಲುದ್ದದ ತಿಳಿ ನೀರು, ತಳದ ಮರಳು ಕಾಣುತ್ತಿತ್ತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೂರದಲ್ಲಿ ನೀರಿನ ಮೇಲೆ ಮೋಡದ ನೆರಳು ಬಿದ್ದಂತಾಯಿತು. ಆಕಾಶ ನೋಡಿದೆ. ಒಂದು ತುಣುಕು ಮೋಡವೂ ಇರಲಿಲ್ಲ.

ನೆರಳು ನಮ್ಮ ಕಡೆಗೇ ಬಂತು. ಹತ್ತಿರವಾದಂತೆ ಹಸಿರಾಯಿತು, ನೀಲಿಯಾಯಿತು, ಅಲ್ಲಲ್ಲಿ ಮಿಂಚಿತು. ಗಂಡಸರು ಸದ್ದಿಲ್ಲದೆ ಅದರ ಸುತ್ತ ಬಲೆ ಎಳೆದು, ನಡುವೆ ಪೊದೆಯ ಕೊಂಬೆಗಳನ್ನು ಇಟ್ಟರು. ಮೀನುಗಳೆಲ್ಲ ಆ ಕೊಂಬೆಗಳೊಳಗೆ ಅಡಗಲು ನುಗ್ಗಿದವು. ಅಷ್ಟು ಜನರಿದ್ದ ದಡದಲ್ಲಿ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಿರಿಯರೊಬ್ಬರು ಕೂಗಿದ್ದೇ ತಡ, ಜನ ನೀರಿಗೆ ಓಡಿದರು.

ಮುದುಕರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. "ನೀನು ಹೋಗು ಮಗಳೇ. ನನ್ನ ಪಾಲು ತಾ."

ನಮ್ಮ ಮಲ್ಪೆಯಲ್ಲಿ ಹೆಂಗಸರು ಮೀನು ಹಿಡಿಯಲು ಸಮುದ್ರಕ್ಕೆ ಇಳಿಯುವುದಿಲ್ಲ, ದಡದಲ್ಲಿ ಕಾಯುತ್ತಾರೆ. ನಾನು ಶೂ ಬಿಚ್ಚಿಟ್ಟು, ಆಚೆ ಬದಿಯಲ್ಲಿ ಇಳಿಯುತ್ತಿದ್ದ ಹೆಂಗಸರ ಜೊತೆ ಇಳಿದೆ. ಮೀನುಗಳು ಮೀನಖಂಡಕ್ಕೆ ಬಡಿದುಕೊಂಡು ಓಡುತ್ತಿದ್ದವು. ಒಂದನ್ನು ಎರಡು ಕೈಯಲ್ಲಿ ಹಿಡಿದೆತ್ತಿದೆ. ಗಿಣಿಯ ಕೊಕ್ಕಿನಂಥ ಬಾಯಿ, ನವಿಲಿನ ಕೊರಳಿನ ಬಣ್ಣ. ಇಷ್ಟೊಂದು ಜೀವ ಎಲ್ಲಿತ್ತು, ಈ ದಡವನ್ನೇ, ಈ ಬೆಳಿಗ್ಗೆಯನ್ನೇ ಹೇಗೆ ಹುಡುಕಿಕೊಂಡು ಬಂತು? ಸುತ್ತ ಗದ್ದಲವಿದ್ದರೂ ನಾನು ಅದನ್ನೇ ನೋಡುತ್ತ ನಿಂತುಬಿಟ್ಟೆ. ಪಕ್ಕದ ಹೆಂಗಸು ನಗುತ್ತಾ ತೋಳು ಹಿಡಿದು ದಡಕ್ಕೆ ನಡೆಸಬೇಕಾಯಿತು.

ಮುದುಕರು ಮೀನನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಅಂಗೈ ಊರಿ ಕೂತರು. ನಾನೂ ಪಕ್ಕದ ಮರಳಿನಲ್ಲಿ ಕೂತೆ.

ಹೇಳಿದಂತೆಯೇ ಮರುದಿನ ಹಡಗು ಹತ್ತಿದರು. ಜಿಜಾನ್‌ನಲ್ಲಿ ಎರಡು ಬೆರಳು ತೆಗೆದರು, ಪಾದ ಉಳಿಯಿತು. ಕೆಲವು ವಾರಗಳ ಮೇಲೆ ಕೋಲೂರಿಕೊಂಡು ಆಸ್ಪತ್ರೆಗೆ ಬಂದಾಗ, ಅಲ್ಲಿ ಹೇಗಿತ್ತು ಎಂದು ಡ್ರೈವರ್ ಕೇಳಿದ.

"ಒಳ್ಳೆಯ ಜನ," ಎಂದರು. "ಆದರೆ ದಿನಾ ಕೋಳಿ ಕೊಟ್ಟರು."