ಯಜಮಾನಮ್ಮ ಮತ್ತು ಹಸಿರು ಮೋಟಾರ್ ಸೈಕಲ್

ಯಜಮಾನಮ್ಮನ ಬಲಗಿವಿಯ ಹಾಲೆ ಸೀಳಿ ಎರಡಾಗಿತ್ತು. ಯಾವ ಕಾಲದಲ್ಲೋ ಎಮ್ಮೆಯೊಂದು ತಲೆ ಒದರಿದಾಗ ಅದರ ಕೊಂಬು ಓಲೆಗೆ ಸಿಕ್ಕಿ ಹರಿದದ್ದಂತೆ. ಅವರು ಅದನ್ನು ಹೊಲಿಸಲೂ ಇಲ್ಲ, ಸೆರಗಿನಲ್ಲಿ ಮುಚ್ಚಿಕೊಳ್ಳಲೂ ಇಲ್ಲ. ಕೋಪ ಬಂದರೆ ಮೊದಲು ಕೆಂಪಾಗುತ್ತಿದ್ದುದು ಆ ಎರಡು ತುಂಡುಗಳೇ. ಮುಖ ಆಮೇಲೆ. ಬಾಯಿ ಅದಕ್ಕೂ ಆಮೇಲೆ. ಹಾಗಾಗಿ ಅವರ ಮನೆಯಲ್ಲಿದ್ದ ನಮಗೆಲ್ಲ ಓಡಿಹೋಗಲು ಒಂದಿಷ್ಟು ಸಮಯ ಸಿಗುತ್ತಿತ್ತು.

ನಾನು ದೇವನಹಳ್ಳಿ ಕಡೆಯವಳು. ಬೆಂಗಳೂರಿನಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿತು, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಸಾಸಲಿನ ಸುತ್ತಲ ಹಳ್ಳಿಗಳಿಗೆ ಸರ್ಕಾರಿ ನರ್ಸಾಗಿ ಬಂದೆ. ಒಂಟಿ ಹೆಂಗಸಿಗೆ ಊರಲ್ಲಿ ಯಾರೂ ಮನೆ ಕೊಡಲಿಲ್ಲ. ಯಜಮಾನಮ್ಮ ತಮ್ಮ ಮನೆಯ ಮುಂದಿನ ಕೋಣೆ ಖಾಲಿ ಮಾಡಿಸಿ, "ಹೆಣ್ಮಕ್ಳು ಜೀವ ಉಳ್ಸಕ್ಕೆ ಬಂದವ್ಳೆ, ಇವ್ಳಿಗೆ ಜಾಗ ಇಲ್ವಾ ನಿಮ್ ಮನೇಲಿ? ಥೂ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ನನ್ನ ಟ್ರಂಕು ಒಳಗಿಡಿಸಿದರು. ಅವರ ಗಂಡ ಸತ್ತು ಬಹಳ ವರ್ಷವಾಗಿತ್ತು. ಹೊಲ ಕಿತ್ತುಕೊಳ್ಳಲು ಬಂದ ಮೈದುನಂದಿರನ್ನು ನೇಗಿಲ ಗುಳ ಹಿಡಿದು ಅಟ್ಟಿದ್ದರು ಎಂದು ಊರವರು ಹೇಳುತ್ತಿದ್ದರು. ನಾನು ಅದನ್ನು ನಂಬುತ್ತೇನೆ.

ಅವರು ಎತ್ತನ್ನು ಬೈಯುತ್ತಿದ್ದರು, ಹುಂಜವನ್ನು ಬೈಯುತ್ತಿದ್ದರು, ತಡವಾಗಿ ಬಂದ ಮಳೆಯನ್ನು ಅಂಗಳದಲ್ಲಿ ನಿಂತು ತಲೆಯೆತ್ತಿ ಬೈಯುತ್ತಿದ್ದರು. ನಾನು ಅರ್ಧ ಮುದ್ದೆ ತಟ್ಟೆಯಲ್ಲಿ ಬಿಟ್ಟರೆ ನನಗೂ ಬೈಗುಳ. ನಾನು ಯಾವುದಾದರೂ ಬಾಣಂತಿಯ ಕಷ್ಟ ಹೇಳಿ "ಅಯ್ಯೋ ಪಾಪ" ಎಂದರೆ, "ಅಯ್ಯೋ ಅನ್ಬೇಡ ಕಣಮ್ಮಿ, ಯಾಕೆ ಅಂತ ಕೇಳು" ಎನ್ನುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ತೌರಿಗೆ ಬಂದಾಗ ನನ್ನ ಕೋಣೆಯಲ್ಲೇ ಮಲಗಿ, ಅಮ್ಮನ ಸಿಟ್ಟನ್ನು ಅಣಕಿಸಿ ನಗಿಸುತ್ತಿದ್ದಳು. ಎರಡು ಹರಿದಾರಿ ದೂರದ ಹಳ್ಳಿಗೆ ಕೊಟ್ಟಿದ್ದರು. ಮೊದಲ ಎರಡು ಹೆರಿಗೆ ನಮ್ಮಲ್ಲೇ ಸುಸೂತ್ರವಾಗಿ ಆಗಿದ್ದವು. ಮೂರನೆಯದಕ್ಕೆ ಗಂಡನ ಮನೆಯಲ್ಲೇ ಇದ್ದಳು. ಒಂದು ಬೆಳಿಗ್ಗೆ ಅವಳ ಗಂಡ ಏದುಸಿರು ಬಿಡುತ್ತಾ ಓಡಿ ಬಂದ. ನೋವು ಶುರುವಾಗಿದೆ, ರಕ್ತ ನಿಲ್ಲುತ್ತಿಲ್ಲ.

ಆ ದಿನ ನನ್ನ ಮೇಲಧಿಕಾರಿ ಡಾಕ್ಟರು ವಾರದ ಭೇಟಿಗೆ ನಮ್ಮ ಹಳ್ಳಿಗೆ ಬಂದಿದ್ದರು. ಅವರ ಕಾರು ದವಾಖಾನೆಯ ಮುಂದೆ ಹೊಂಗೆ ಮರದ ನೆರಳಲ್ಲಿ ನಿಂತಿತ್ತು. ನಾನು ಓಡಿಹೋಗಿ ಕೈಮುಗಿದು ಕೇಳಿದೆ. ಅವರು ಗಡಿಯಾರ ನೋಡಿದರು. "ಪೆಟ್ರೋಲು ಲೆಕ್ಕದ್ದು. ರೈಲ್ವೆ ಸ್ಟೇಷನ್ನಿಗೆ ಹೋಗಿ ದೊಡ್ಡ ಸಾಹೇಬರನ್ನ ಕರ್ಕೊಂಡು ಬರ್ಬೇಕು. ನೀನು ಗಾಡಿ ಕಟ್ಟಿಸ್ಕೊಂಡು ಹೋಗಮ್ಮ. ಹೆರಿಗೆ ಎಲ್ಲಿಗೆ ಓಡಿಹೋಗುತ್ತೆ?" ಎಂದು ನಕ್ಕರು. ಕಾರು ನಮ್ಮ ಕಣ್ಣೆದುರೇ ಧೂಳೆಬ್ಬಿಸಿಕೊಂಡು ಸ್ಟೇಷನ್ನಿನ ಕಡೆಗೆ ಹೋಯಿತು.

ನಾನು, ಯಜಮಾನಮ್ಮ, ಆ ಅಳಿಯ ಎತ್ತಿನ ಗಾಡಿಯಲ್ಲಿ ಹೋದೆವು. ಹಳ್ಳದ ಮರಳಿನಲ್ಲಿ ಚಕ್ರ ಹೂತುಕೊಂಡಿತು. ಯಜಮಾನಮ್ಮ ಕೆಳಗಿಳಿದು ಚಕ್ರಕ್ಕೆ ಹೆಗಲು ಕೊಟ್ಟರು. ನಾವು ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಅವಳ ಕೈ ಹಿಡಿದೆ. ಇನ್ನೂ ಬೆಚ್ಚಗಿತ್ತು, ಅಷ್ಟೇ. ಮಗುವೂ ಉಳಿಯಲಿಲ್ಲ.

ಯಜಮಾನಮ್ಮ ಅಂದು ಬೈಯಲಿಲ್ಲ. ಮಣ್ಣು ಮಾಡಿ ಹಿಂದಿರುಗುವಾಗ ಗಾಡಿಯಲ್ಲಿ ಒಂದೇ ಒಂದು ಮಾತು ಕೇಳಿದರು. "ಡಾಕ್ಟ್ರು ಏನಂದ್ರು?" ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನಕ್ಕದ್ದನ್ನೂ. ಅವರು ಎತ್ತುಗಳ ಬೆನ್ನು ನೋಡುತ್ತಾ ಕೂತರು. ನನಗೆ ಅವರ ಬೈಗುಳವೇ ಬೇಕಾಗಿತ್ತು.

ಯುದ್ಧ ಮುಗಿದ ಮೇಲೆ ನಮ್ಮ ಕಡೆಯ ರಸ್ತೆಗಳಲ್ಲಿ ಮಿಲಿಟರಿಯವರ ಓಡಾಟ ಕಡಿಮೆಯಾಯಿತು. ದಂಡು ಬಿಟ್ಟುಹೋದ ಗಾಡಿಗಳನ್ನು ಬೆಂಗಳೂರಿನಲ್ಲಿ ಮಾರುತ್ತಾರೆಂಬ ಸುದ್ದಿ ಸಂತೆಯಿಂದ ಬಂತು. ಒಂದು ದಿನ ಯಜಮಾನಮ್ಮ ರಾಗಿ ಬೀಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಸೈಕಲ್ ಹೊಡೆಯೋದು ಬತ್ತದೆ ಅಂದಿದ್ದೆ ಅಲ್ವಾ?"

"ಬರುತ್ತೆ ಅಮ್ಮ. ಆದ್ರೆ ಈ ಮರಳಲ್ಲಿ ಸೈಕಲ್ನ ನಾವೇ ಹೊತ್ಕೊಂಡು ಹೋಗ್ಬೇಕಷ್ಟೆ."

"ಮೋಟ್ರು ಸೈಕಲ್ಲು ಹೊಡಿ. ಮಿಲ್ಟ್ರಿಯೋರು ಹಳ್ಳದಾಗೇ ನುಗ್ಗಿಸ್ತಿದ್ರು, ನಾನೇ ನೋಡಿವ್ನಿ."

ನಾನು ನಕ್ಕೆ. ಅವರ ಕಿವಿ ಕೆಂಪಾಯಿತು. "ನಗ್ಬೇಡ. ಇನ್ನೊಬ್ಬಳು ಸತ್ತ ಮ್ಯಾಲೆ ನಗು." ಮಗಳ ಒಡವೆ ಅಳಿಯನ ಮನೆಯಿಂದ ಹಿಂದಕ್ಕೆ ಬಂದಿತ್ತು. ಅದನ್ನು ಏನು ಮಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೆಂಗಳೂರಿನ ದಂಡು ಪ್ರದೇಶದ ಒಂದು ಬಯಲಿನಲ್ಲಿ ಹಸಿರು ಬಣ್ಣದ ಮೋಟಾರ್ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು ಬೀಡಿ ಎಸೆದು ಎದ್ದ. "ಯಾರಿಗಮ್ಮ, ಮಗನಿಗಾ?"

"ಇವ್ಳಿಗೆ."

ಅವನ ಜೊತೆಗಿದ್ದ ಗಂಡಸರೆಲ್ಲ ನಕ್ಕರು. ನಮ್ಮನ್ನು ಬೇಗ ಸಾಗಹಾಕಲೆಂದೋ ಏನೋ, ಅವನು ಅಲ್ಲಿದ್ದವುಗಳಲ್ಲೇ ದೊಡ್ಡದನ್ನು ತಂದು ನಿಲ್ಲಿಸಿ ಶುರು ಮಾಡಿದ. ಭೂಮಿಯೇ ಗುಡುಗಿದ ಹಾಗಾಯಿತು. ಯಜಮಾನಮ್ಮನಿಗೆ ಆ ಸದ್ದು ಬಹಳ ಹಿಡಿಸಿತು. "ಇದೇ. ಎತ್ತು ಇದ್ದಂಗದೆ. ಹತ್ತು."

ಹೊಲದಲ್ಲಿ ಕೆಲಸ ಮಾಡುವಾಗ ಅವರು ಉಡುವ ಹಾಗೆಯೇ ನನಗೂ ಬೆಳಿಗ್ಗೆ ಕಚ್ಚೆ ಹಾಕಿ ಸೀರೆ ಉಡಿಸಿದ್ದರು. ಹತ್ತಿ ಕೂತೆ. ಒಂದು ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ಸೋಕಿತು. ಕ್ಲಚ್ಚು ಹಿಡಿಯಲು ಎರಡು ಕೈಯೂ ಸಾಲದು ಅನ್ನಿಸಿತು. ಬಿಟ್ಟ ಕೂಡಲೇ ಗಾಡಿ ಮುಂದಕ್ಕೆ ಹಾರಿ ನಿಂತುಹೋಗಿ, ಮಗ್ಗುಲಿಗೆ ಉರುಳಿತು. ನಾನು ಅದರ ಅಡಿಯಲ್ಲಿ. ಬಿಸಿ ಕೊಳವೆ ಮೀನಖಂಡಕ್ಕೆ ತಾಗಿ ಚರ್ಮ ಸುಲಿಯಿತು. ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನಮ್ಮ ಕಾಲಿನ ಎಕ್ಕಡ ತೆಗೆದು ಕೈಗೆ ತೆಗೆದುಕೊಂಡರು. "ಇನ್ನೊಂದು ದಪ ಹಲ್ ಬಿಡ್ರೋ ನೋಡುವ! ನಿಮ್ಮನ್ನೆಲ್ಲ ಹೆತ್ತೋಳು ಹೆಂಗಸೇ ಅಲ್ವೇನ್ರೋ?" ನಗು ನಿಂತಿತು. ಇಬ್ಬರು ಬಂದು ಗಾಡಿ ಎತ್ತಿದರು.

ನನಗೂ ಆಗ ಕೋಪ ಬಂದಿತ್ತು. ಕುಂಟುತ್ತಲೇ ಆ ಸಾಲಿನ ಕೊನೆಯವರೆಗೂ ಹೋದೆ. ಅಲ್ಲಿ, ಬೇಲಿಯ ಪಕ್ಕದಲ್ಲಿ, ಸೈಕಲ್ಲಿಗಿಂತ ಸ್ವಲ್ಪ ದಪ್ಪಗಿದ್ದ ಎರಡು ಸಣ್ಣ ಗಾಡಿಗಳಿದ್ದವು. ಅವನ್ನು ಛತ್ರಿ ಕಟ್ಟಿ ವಿಮಾನದಿಂದ ಇಳಿಬಿಡುತ್ತಿದ್ದರು, ಅದಕ್ಕೇ ಅಷ್ಟು ಹಗುರ ಎಂದು ಅಂಗಡಿಯವನು ಹೇಳಿದ. ಈಗ ಅವನ ದನಿ ಮೆತ್ತಗಾಗಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಟ್ಯಾಂಕಿನ ಪಕ್ಕದ ಕಡ್ಡಿಯನ್ನು ಕೈಯಲ್ಲೇ ತಳ್ಳಿ ಗೇರು ಬದಲಿಸಬೇಕು ಎಂದು ತೋರಿಸಿದ.

ಅವೆರಡರಲ್ಲಿ ಮೊದಲು ಹೊಳೆಯುತ್ತಿದ್ದುದನ್ನು ಹತ್ತಿದೆ. ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗಿದವು. ಬರೀ ಅಷ್ಟಕ್ಕೇ ಅರ್ಧ ಭಯ ಹೋಯಿತು. ಒದ್ದಾಗ ನೀಲಿ ಹೊಗೆ ಬಿಟ್ಟು ಪಟಪಟ ಎಂದಿತು. ಮತ್ತೆ ಮತ್ತೆ ನಿಂತುಹೋಯಿತು. "ಕ್ಲಚ್ ಬಿಡೋದು ನಿಧಾನಕ್ಕಮ್ಮ, ಮಲಗಿದ ಮಗು ಕೈಯಿಂದ ಬೆರಳು ಬಿಡಿಸ್ಕೊಳ್ಳೋ ಹಂಗೆ" ಎಂದ ಅಂಗಡಿಯವನು. ಆ ಮಾತು ನನಗೆ ಅರ್ಥವಾಯಿತು. ಗಾಡಿ ಹೊರಟಿತು. ಬಯಲಿನ ಸುತ್ತ ಹೋದೆ, ತಿರುಗಿಸಿದೆ, ಬ್ರೇಕು ಒತ್ತಿ ನಿಲ್ಲಿಸಿದೆ. ಆದರೆ ಏರಿನಲ್ಲಿ ಎರಡನೇ ಗೇರು ಜಾರಿ ಜಾರಿ ಹೊರಗೆ ಬರುತ್ತಿತ್ತು. ಹಿಂದಕ್ಕೆ ತಂದು ಇನ್ನೊಂದನ್ನು ಕೊಡಿ ಎಂದೆ. ಅದರ ಟ್ಯಾಂಕು ನೆಗ್ಗಿತ್ತು, ಸೀಟು ಹರಿದಿತ್ತು. ಆದರೆ ಅದೇ ಏರನ್ನು ಅದು ಒಂದೇ ದನಿಯಲ್ಲಿ ಹತ್ತಿತು. ಮೇಲೆ ಹೋಗಿ ಇಂಜಿನ್ನು ಆರಿಸಿ, ಬೇಕೆಂದೇ ಅದನ್ನು ಹುಲ್ಲಿನ ಮೇಲೆ ಮಲಗಿಸಿದೆ. ಒಬ್ಬಳೇ ಎತ್ತಿ ನಿಲ್ಲಿಸಿದೆ. ಕಷ್ಟವಾಯಿತು, ಆದರೆ ಎದ್ದಿತು.

"ಇದು" ಎಂದೆ.

"ಇದಾ? ಇದು ಮೇಕೆ! ನಾನು ಎತ್ತು ಕೇಳಿದ್ರೆ ಮೇಕೆ ಹಿಡ್ಕೊಂಡ್ ಬಂದವ್ಳೆ! ಬಿರ್ರನೆ ಹೋಗ್ಬೇಕು ಅಂತ ಅಲ್ವಾ ನಾವು ಬಂದಿದ್ದು?"

"ದಾರೀಲಿ ಬಿದ್ರೆ ಎತ್ತೋಳು ನಾನು ಅಮ್ಮ. ನೀವಲ್ಲ. ಎತ್ತಕ್ಕಾಗದೆ ದೊಡ್ಡ ಗಾಡಿ ಅಡೀಲಿ ಬಿದ್ದಿದ್ರೆ, ಬಿರ್ರನೆ ಯಾರು ಹೋಗ್ತಾರೆ?"

ಅವರ ಎದುರು ನಾನು ದನಿ ಏರಿಸಿದ್ದು ಅದೇ ಮೊದಲು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಅಂಗಡಿಯವನಿಗೆ ದುಡ್ಡು ಎಣಿಸಿದರು. ಊರಿಗೆ ಬಂದ ಮೇಲೆ ಕೆಲವು ದಿನ ಮುದ್ದೆಯನ್ನು ತಟ್ಟೆಗೆ ಎಸೆದು ಹೋಗುತ್ತಿದ್ದರು. ಆದರೆ ನಾನು ಕೆರೆ ಅಂಗಳದಲ್ಲಿ ಗಾಡಿ ಕಲಿಯುವಾಗ ಏರಿಯ ಮೇಲೆ ನಿಂತು ನೋಡುತ್ತಿದ್ದರು. ಪರವಾನಗಿ ಸಿಕ್ಕಿ, ಮೊದಲ ಕರೆ ಬಂದ ದಿನ ಸೆರಗು ಬಿಗಿದು, ಹಿಂದಿನ ಕ್ಯಾರಿಯರಿನ ಮೇಲೆ ನನ್ನ ಚೀಲ ತಬ್ಬಿಕೊಂಡು ತಾವೇ ಹತ್ತಿ ಕೂತರು. "ಹೊಡಿ" ಎಂದರು. ಹಳ್ಳದ ಮರಳಿನಲ್ಲಿ ಇಬ್ಬರೂ ಬಿದ್ದೆವು. ಗಾಡಿ ಎತ್ತಿ ನಿಲ್ಲಿಸಿದೆ. ಅವರು ಮರಳು ಕೊಡವಿಕೊಂಡು ಮತ್ತೆ ಕೂತರು. ಅಲ್ಲಿ ಹೆರಿಗೆಗೆ ಮಲಗಿದ್ದ ಹುಡುಗಿಗೂ ರಕ್ತ ಹೋಗುತ್ತಿತ್ತು. ಸಮಯಕ್ಕೆ ತಲುಪಿದೆವು. ಹುಡುಗಿ ಉಳಿದಳು. ಯಜಮಾನಮ್ಮ ಹೊರಗೆ ಬಂದು, ಕರೆ ಕಳಿಸಲು ತಡ ಮಾಡಿದ್ದಕ್ಕೆ ಆ ಮನೆಯ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದರು.

ಡಾಕ್ಟರಿಗೆ ಸುದ್ದಿ ಮುಟ್ಟಿತು. ಮುಂದಿನ ಭೇಟಿಯ ದಿನ, ಔಷಧಿಗೆ ಬಂದವರೆಲ್ಲರ ಎದುರು ನನ್ನನ್ನು ಕರೆದರು. "ಏನಮ್ಮ ಇದು? ಸರ್ಕಾರಿ ನರ್ಸು ಕಚ್ಚೆ ಕಟ್ಕೊಂಡು, ಗಂಡಸರ ಹಾಗೆ ಕಾಲು ಹಾಕಿ ಕೂತು ಊರೂರು ಸುತ್ತೋದು! ಇಲಾಖೆ ಮರ್ಯಾದೆ ಏನಾಗ್ಬೇಕು?"

ಜಗಲಿಯ ಮೇಲೆ ಕೂತಿದ್ದ ಯಜಮಾನಮ್ಮ ಎದ್ದು ಬಂದರು.

"ಮರ್ವಾದೆ ಮಾತು ಆಮ್ಯಾಲೆ ಆಡುವ ಸ್ವಾಮಿ. ಆವತ್ತು ನಿಮ್ಮ ಕಾರು ಎಲ್ಲಿತ್ತು?"

"ಯಾವತ್ತು?" ಎಂದರು ಡಾಕ್ಟರು.

ಅದು ನಾಟಕವಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಅವರ ಮುಖ ನೋಡಿದವರಿಗೆಲ್ಲ ಅದು ಗೊತ್ತಾಯಿತು. ಆ ಕ್ಷಣದ ಸಿಟ್ಟು ನನ್ನಲ್ಲಿ ಈಗಲೂ ಆರಿಲ್ಲ. ಯಜಮಾನಮ್ಮ ಸಾಲಿನಲ್ಲಿ ನಿಂತ ಹೆಂಗಸರ ಕಡೆ ತಿರುಗಿದರು. "ಯಾವತ್ತು ಅಂತ ಕೇಳ್ತಾವ್ನೆ, ಕೇಳಿಸ್ಕೊಂಡ್ರಾ? ನನ್ನ ಮಗ್ಳು ಸತ್ತಿದ್ದು ಯಾವತ್ತು ಅಂತ ಕೇಳ್ತಾವ್ನೆ." ಆಮೇಲೆ ಅವರು ಆಡಿದ ಮಾತುಗಳನ್ನು ಅಚ್ಚಿನಲ್ಲಿ ಹಾಕುವ ಹಾಗಿಲ್ಲ. ಡಾಕ್ಟರು ಔಷಧಿ ಕೊಡುವುದನ್ನು ಅರ್ಧಕ್ಕೇ ಬಿಟ್ಟು ಕಾರು ಹತ್ತಿದರು.

ಕೆಲವು ದಿನಗಳಲ್ಲೇ ನನಗೆ ವರ್ಗ ಬಂತು. ನೆಲಮಂಗಲದ ಕಡೆ, ಅರಿಶಿನಕುಂಟೆಯ ಸುತ್ತಲ ಹಳ್ಳಿಗಳಿಗೆ. ನಾನು ಕೋಣೆಯಲ್ಲಿ ಕೂತು ಅತ್ತೆ. ಯಜಮಾನಮ್ಮ ಬಾಗಿಲಲ್ಲಿ ನಿಂತು, "ಯಾಕಳ್ತೀಯ? ಅಲ್ಲಿ ಹೆಂಗಸ್ರು ಹೆರಾಕಿಲ್ವಾ?" ಎಂದು ಗದರಿಸಿ, ನನ್ನ ಟ್ರಂಕನ್ನು ತಾವೇ ಎಳೆದು ಎತ್ತಿನ ಗಾಡಿಗೆ ಹಾಕಿಸಿದರು. ನಾನು ಮೋಟಾರ್ ಸೈಕಲ್ಲಿನಲ್ಲಿ ಅದರ ಹಿಂದೆ ಹೋದೆ. ತಿರುಗಿ ನೋಡಿದರೆ ಅವರು ಆಗಲೇ ಒಳಗೆ ಹೋಗಿದ್ದರು.

ಬಿಡುವಾದಾಗಲೆಲ್ಲ ಹೋಗಿ ಬರುತ್ತಿದ್ದೆ. ಒಂದು ಬೇಸಿಗೆಯಲ್ಲಿ ಅವರಿಗೆ ಜ್ವರ ಹೆಚ್ಚಾಗಿದೆ ಎಂದು ಮೈದುನನ ಮಗ ಬಂದು ಹೇಳಿದಾಗ ನಾನು ಒಬ್ಬಳ ಹೆರಿಗೆಯ ನಡುವೆ ಇದ್ದೆ. ಮಗು ಅಡ್ಡ ತಿರುಗಿತ್ತು. ಬಿಟ್ಟು ಹೋಗುವ ಹಾಗಿರಲಿಲ್ಲ. ಮುಗಿಸಿಕೊಂಡು ಹೋಗುವಷ್ಟರಲ್ಲಿ ಅವರನ್ನು ಗಂಡುಮಕ್ಕಳ ಜಾಗದಲ್ಲಿ ನಿಂತ ಮೈದುನನ ಮಕ್ಕಳು ಮಣ್ಣು ಮಾಡಿ ಬಂದಿದ್ದರು. ಹೆರಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದರೆ ಅವರು ಕಣ್ಣು ಬಿಟ್ಟು ಎದ್ದು ಬೈಯುತ್ತಿದ್ದರು ಎಂದು ನನಗೆ ಗೊತ್ತಿತ್ತು. ಆದರೂ ಆ ಮಣ್ಣಿನ ಮುಂದೆ ಬಹಳ ಹೊತ್ತು ಕೂತಿದ್ದೆ.

ಅದೇ ವರ್ಷ ಡಾಕ್ಟರು ನಿವೃತ್ತರಾದರು. ಬೀಳ್ಕೊಡುಗೆಗೆ ಅವರ ಕೈಕೆಳಗೆ ದುಡಿದ ನಮ್ಮನ್ನೆಲ್ಲ ಕರೆಸಿದ್ದರು. ಹಾರ, ಶಾಲು, ಗಂಧದ ತಟ್ಟೆ. ಒಬ್ಬೊಬ್ಬರೂ ಎದ್ದು ಅವರನ್ನು ಬಡವರ ಬಂಧು ಎಂದು ಹೊಗಳಿದರು. ಕೊನೆಗೆ ಒಬ್ಬರು ನನ್ನ ಕಡೆ ನೋಡಿ, "ನರ್ಸಮ್ಮನೋರೂ ಎರಡು ಒಳ್ಳೇ ಮಾತು ಹೇಳ್ಲಿ" ಎಂದರು.

ನಾನು ಎದ್ದು ನಿಂತೆ. ಒಂದು ಬೆಳಿಗ್ಗೆ ಹೊಂಗೆ ಮರದ ನೆರಳಲ್ಲಿ ಕಾರು ನಿಂತಿತ್ತು ಎಂದು ಶುರು ಮಾಡಿದೆ. ಸ್ಟೇಷನ್ನು, ಎತ್ತಿನ ಗಾಡಿ, ಮರಳು, ಎಲ್ಲ ಹೇಳಿದೆ. ಸಭೆಯಲ್ಲಿ ಎಲ್ಲರೂ ನೆಲ ನೋಡತೊಡಗಿದರು. ಡಾಕ್ಟರು ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲಿದ್ದವರು ನನ್ನ ಸೆರಗು ಹಿಡಿದು, "ಸಾಕು ಕೂತ್ಕೋಮ್ಮ, ಕೂತ್ಕೋ" ಎಂದು ಪಿಸುಗುಟ್ಟಿದರು.

ನಾನು ಕೂರಲಿಲ್ಲ. ಯಜಮಾನಮ್ಮನ ಮಗಳ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಡಾಕ್ಟರು ತಲೆಯೆತ್ತಿ ನೋಡುವ ತನಕ ಮತ್ತೆ ಮತ್ತೆ ಹೇಳಿದೆ. ಆಮೇಲೆ ಕೂತೆ.