ದಾಟಿದ್ದನ್ನು ಎಣಿಸುವ ಕೆಲಸ

ನನ್ನ ಸೋದರತ್ತೆಯ ಎಡಗೆನ್ನೆಯ ಒಳಗೆ ಹುಣ್ಣಾದಾಗ ಯಲ್ಲಾಪುರದ ಆ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ನಮ್ಮ ಕಡೆ ಎಲೆ, ಅಡಿಕೆ, ತಂಬಾಕಿನ ಕವಳ ಹಾಕುವವರಿಗೆ ಬಾಯಿ ಬೇಯುವುದು ಹೊಸದಲ್ಲ. ಎಲೆಗೆ ಸುಣ್ಣ ತುಸು ಹೆಚ್ಚು ಬಳಿದರೆ ಕೆನ್ನೆ ಸುಡುತ್ತದೆ, ತುಪ್ಪ ಹಚ್ಚಿದರೆ ಆರುತ್ತದೆ. ಅತ್ತೆಯೂ ತುಪ್ಪ ಹಚ್ಚಿದಳು. ಆರಲಿಲ್ಲ. ಸುಣ್ಣದ್ದೇ ದೋಷವೆಂದು ಅಂಗಡಿ ಬದಲಿಸಿದಳು. ಆಮೇಲೆ ಎಡಗೆನ್ನೆಗೆ ಬಿಡುವು ಕೊಟ್ಟು ಕವಳವನ್ನು ಬಲಗೆನ್ನೆಯಲ್ಲಿ ಇಟ್ಟುಕೊಳ್ಳತೊಡಗಿದಳು. ತಂಬಾಕಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬಂದ ನೆಂಟರೆಲ್ಲ ಕವಳದ ತಟ್ಟೆ ಎಳೆದುಕೊಂಡು, ಸುಣ್ಣ ಕಡಿಮೆ ಮಾಡೆಂದು ಬುದ್ಧಿ ಹೇಳಿ, ತಾವೂ ಒಂದು ಹಾಕಿಕೊಂಡು ಹೋದರು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಆ ವರ್ಷಗಳಲ್ಲಿ ನಾನು ಮುಂಬೈಯ ಒಂದು ಪ್ರಯೋಗಾಲಯದಲ್ಲಿದ್ದೆ. ಕ್ಯಾನ್ಸರ್ ಜೀವಕೋಶಗಳು ಹುಟ್ಟಿದ ಜಾಗ ಬಿಟ್ಟು ಪಕ್ಕದ ಮಾಂಸದೊಳಗೆ ಹೇಗೆ ನುಗ್ಗುತ್ತವೆ ಎಂದು ನೋಡುವುದೇ ನನ್ನ ಕೆಲಸ. ನನಗೆ ಸುದ್ದಿ ಬರುವಷ್ಟರಲ್ಲಿ ಅತ್ತೆಯ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಕ್ಯಾನ್ಸರ್ ದವಡೆಯ ಎಲುಬಿಗೂ ಕುತ್ತಿಗೆಗೂ ಇಳಿದಿದೆ, ಕೊಯ್ದು ಪ್ರಯೋಜನವಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು. ರಜೆ ಹಾಕಿ ಬಂದೆ. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಮಾವ ನನ್ನನ್ನು ಕಂಡವರೇ ಪಕ್ಕದ ಅಂಗಡಿಯವರಿಗೆ ಹೇಳಿದರು: "ಇದನ್ನೇ ಓದಿದ ಕೂಸು ಬಂತು. ಇನ್ನು ಹೆದರಿಕೆ ಇಲ್ಲೆ."

ಅತ್ತೆ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳು. ಅರ್ಥವಾಗದ್ದನ್ನು ತಲೆಯಾಡಿಸಿ ಒಪ್ಪಿಕೊಳ್ಳುವ ಜಾತಿಯಲ್ಲ. ಮಧ್ಯಾಹ್ನ ಗಂಜಿಯ ನೀರನ್ನು ಚಮಚದಲ್ಲಿ ಕುಡಿಸುತ್ತಿದ್ದಾಗ, ಹಲ್ಲಿನ ಸಂದಿಯಿಂದಲೇ ಕೇಳಿದಳು: "ನಿಂಗೆ ಅಲ್ಲಿ ಎಂತ ಕೆಲಸ ಕೂಸೆ? ಪಾಠ ಹೇಳಿದಾಂಗೆ ಹೇಳು."

ಹೇಳಿದೆ. ಬೆರಳ ತುದಿಯಷ್ಟು ಅಗಲದ ಪುಟ್ಟ ಬಟ್ಟಲು; ಅದರ ತಳ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಹಾಳೆ. ಹಾಳೆಯ ಮೇಲೆ ಲೋಳೆಯಂಥ ಒಂದು ಪದರ ಹರಡುತ್ತೇವೆ, ಮೈಯೊಳಗಿನ ತಡೆಗೋಡೆಯ ಹಾಗೆ. ಮಂಜುಗಡ್ಡೆಯ ಮೇಲಿಟ್ಟೇ ಕೆಲಸ ಮಾಡಬೇಕು. ಹರಡುವ ಮೊದಲೇ ಸ್ವಲ್ಪ ಬೆಚ್ಚಗಾದರೂ ಹೆಪ್ಪುಗಟ್ಟಿ ಕೆಟ್ಟುಹೋಗುತ್ತದೆ. ಅದರ ಮೇಲೆ ಕ್ಯಾನ್ಸರ್ ಕೋಶಗಳನ್ನು ಉಪವಾಸ ಬಿಡುತ್ತೇವೆ. ಆಹಾರವಿರುವ ದ್ರವವನ್ನು ಕೆಳಗೆ ಇಡುತ್ತೇವೆ. ಮರುದಿನ ಮೇಲೆ ಉಳಿದವನ್ನು ಹತ್ತಿಯಿಂದ ಒರೆಸಿ, ಗೋಡೆ ಕರಗಿಸಿ ಕೆಳಗೆ ದಾಟಿದವಕ್ಕೆ ನೇರಳೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತೇವೆ.

ಅತ್ತೆಯ ಕಣ್ಣಲ್ಲಿ ನಗು ಬಂತು. "ಉಪವಾಸ ಹಾಕಿ ಕೆಳಗೆ ಊಟ ತೋರಸ್ತ್ರಿ. ಮತ್ತೆ ದಾಟಿತು ಹೇಳಿ ಅದ್ರ ಮೇಲೇ ದೂರು ಬ್ಯಾರೆ."

ನಾನೂ ನಕ್ಕೆ. ಆಗಲೇ ಅವಳು ಕೇಳಬೇಕಾದ್ದನ್ನು ಕೇಳಿದಳು. "ದಾಟದ್ದೇ ಇಪ್ಪಂಗೆ ಮಾಡ ಔಷಧಿ ಇದ್ದಾ?"

ಇತ್ತು. ಕೆಲವು ರಾಸಾಯನಿಕಗಳನ್ನು ಬೆರೆಸಿದರೆ ದಾಟುವವು ಕಡಿಮೆಯಾಗುತ್ತಿದ್ದವು. ಅಂಥ ದಿನ ನಾವು ಕ್ಯಾಂಟೀನಿನಲ್ಲಿ ಸಿಹಿ ತರಿಸಿ ತಿನ್ನುತ್ತಿದ್ದೆವು. ಆದರೆ ಬಟ್ಟಲಿಗೆ ರಕ್ತನಾಳವಿಲ್ಲ, ಯಕೃತ್ತಿಲ್ಲ, ಸಂಕಟವೂ ಇಲ್ಲ. ಅಲ್ಲಿ ಗೆದ್ದದ್ದು ಮನುಷ್ಯನ ತನಕ ಬರುವುದಕ್ಕೆ ವರ್ಷಗಟ್ಟಲೆ ಬೇಕು, ಬಹಳಷ್ಟು ಬರುವುದೇ ಇಲ್ಲ.

"ಬಟ್ಟಲಲ್ಲಿ ಇದ್ದು ಅತ್ತೆ. ಮನುಷ್ಯಂಗೆ ಇಲ್ಲೆ."

"ಅಂದ್ರೆ ಯಂಗೆ ಎಂತೂ ಇಲ್ಲೆ."

ಇನ್ನೊಂದು ಚಮಚ ಗಂಜಿನೀರು ಕುಡಿಸಿದೆ. ಅಷ್ಟು ಓದಿದ್ದು ಯಾವ ಪುರುಷಾರ್ಥಕ್ಕೆ ಎಂದು ನನ್ನ ಮೇಲೇ ಅಸಹ್ಯವಾಯಿತು. ಅತ್ತೆಯೇ ನನ್ನ ಮೊಣಕೈ ತಟ್ಟಿದಳು. "ಅಡ್ಡಿಲ್ಲೆ. ಮಾವಂಗೆ ಮಾತ್ರ ಹೇಳಡ. ನೀ ಅಲ್ಲಿ ಔಷಧಿ ಮಾಡ್ತಾ ಇದ್ದೆ ಹೇಳಿ ಅವಕ್ಕೆ ಭಾರೀ ನಂಬಿಕೆ ಇದ್ದು. ಅದೊಂದ್ರ ಮೇಲೇ ಊಟ ಮಾಡ್ತಾ ಇದ್ದ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇನ್ನೂ ರಜೆಯಿತ್ತು; ಅದು ಮುಗಿಯುವ ತನಕ ಅವಳ ಮಗ್ಗುಲಲ್ಲೇ ಇರುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಗಂಜಿ ಕುಡಿಸುವುದು, ಬಾಯಿ ತೊಳೆಸುವುದು, ಜೊಲ್ಲು ಒರೆಸುವುದು ನನಗೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಮಾವ ನನ್ನ ಚೀಲವನ್ನು ತಾವೇ ತುಂಬಿಸಿ ಜಗಲಿಯ ಮೇಲೆ ಇಟ್ಟಿದ್ದರು. "ರಜೆಯೆಲ್ಲ ಇಲ್ಲಿ ಕಳೆಯಡ ಕೂಸೆ," ಎಂದರು. "ಗಂಜಿ ಕುಡಿಸಲೆ ಆನು ಸಾಕು. ನೀ ಹೋಗಿ ಆ ಔಷಧಿ ಕೆಲಸ ಬೇಗ ಮುಗ್ಸು. ತಡ ಆದ್ರೆ ಕಷ್ಟ."

ಒಳಗೆ ನೋಡಿದೆ. ಅತ್ತೆ ಮಂಚದ ಮೇಲಿಂದಲೇ ನನ್ನನ್ನು ನೋಡುತ್ತಿದ್ದಳು. ಹೋಗು ಎಂಬಂತೆ ಕಣ್ಣು ಮುಚ್ಚಿ ತೆರೆದಳು. ಇರುತ್ತೇನೆ ಎನ್ನಬೇಕಾದರೆ ಯಾಕೆ ಎಂದು ಮಾವನಿಗೆ ಹೇಳಬೇಕಿತ್ತು.

ಹುಬ್ಬಳ್ಳಿ ಬಸ್ಸಿನಲ್ಲಿ ನನಗೆ ಕಿಟಕಿಯ ಬದಿಯ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವ ತನಕ ಮಾವ ಕೆಳಗೆ ನಿಂತಿದ್ದರು. ಕಂಡಕ್ಟರನಿಗೂ ಹೇಳಿದರು, ಇವಳು ದೊಡ್ಡ ಕೆಲಸದ ಮೇಲೆ ಹೋಗುತ್ತಿದ್ದಾಳೆ, ರೈಲು ತಪ್ಪಬಾರದು ಎಂದು. ರೈಲು ತಪ್ಪಲಿಲ್ಲ. ಅತ್ತೆಯನ್ನು ನಾನು ಮತ್ತೆ ನೋಡಲಿಲ್ಲ.